ಎಳೆ ಕಡಿದರೆ ನಿಲ್ಲುವ ಮಗ್ಗ: ಟೊಯೊಟಾ ಹೆಸರಿನ ಒಳಗಥೆ

2024ರ ಜನವರಿ ಕೊನೆಯಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್ ಮತ್ತು ಹೈಲಕ್ಸ್ ವಾಹನಗಳ ರವಾನೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿತು. ಮುಷ್ಕರ ಇರಲಿಲ್ಲ, ಬಿಡಿಭಾಗಗಳ ಕೊರತೆಯೂ ಇರಲಿಲ್ಲ. ವಾಹನ ಕೆಟ್ಟಿತೆಂದು ಯಾರೂ ದೂರು ಕೊಟ್ಟಿರಲಿಲ್ಲ. ಜಪಾನಿನಲ್ಲಿ ಆ ವಾಹನಗಳ ಡೀಸೆಲ್ ಎಂಜಿನ್ನುಗಳ ಶಕ್ತಿಯನ್ನು ಪ್ರಮಾಣೀಕರಣಕ್ಕಾಗಿ ಅಳೆಯುವಾಗ, ಮಾರಾಟಕ್ಕೆ ಹೋಗುವ ಎಂಜಿನ್ನಿನಲ್ಲಿ ಇಲ್ಲದ ಬೇರೊಂದು ತಂತ್ರಾಂಶವನ್ನು ಬಳಸಿದ್ದರು. ಅಂಕಿಗಳು ಏರಿಳಿತವಿಲ್ಲದೆ ನಯವಾಗಿ ಕಾಣಲಿ ಎಂಬುದು ಅದರ ಉದ್ದೇಶ. ಜಗತ್ತಿನಾದ್ಯಂತ 10 ಮಾದರಿಗಳಿಗೆ ಈ ಎಂಜಿನ್ನುಗಳು ಹೋಗಿದ್ದವು. ಶಕ್ತಿಯಲ್ಲಿ ಕೊರತೆಯಿಲ್ಲ, ಈಗಾಗಲೇ ಕೊಂಡವರು ನಿಶ್ಚಿಂತೆಯಿಂದ ಓಡಿಸಬಹುದು ಎಂದು ಕಂಪನಿ ಹೇಳಿತು. ಕೆಲವೇ ದಿನಗಳಲ್ಲಿ ಬಿಡದಿಯಿಂದ ಲಾರಿಗಳು ಮತ್ತೆ ಹೊರಟವು. ನಮ್ಮಲ್ಲಿ ಸುದ್ದಿ ಅಷ್ಟಕ್ಕೇ ತಣ್ಣಗಾಯಿತು.

ಆದರೆ ಈ ತಪ್ಪು ಎಲ್ಲಿ ನಡೆಯಿತು ಎಂಬುದು ಮುಖ್ಯ. ಎಂಜಿನ್ ತಯಾರಿಸಿ ಪರೀಕ್ಷಿಸಿದ ಕಂಪನಿಯ ಹೆಸರು ಟೊಯೊಟಾ ಇಂಡಸ್ಟ್ರೀಸ್. ಕಾರು ಮಾಡುವ ಟೊಯೊಟಾ ಮೋಟರ್‌ಗೆ ಇದು ತಾಯಿ ಮನೆ. 1926ರಲ್ಲಿ ಹುಟ್ಟಿದಾಗ ಇದು ಮಗ್ಗಗಳನ್ನು ತಯಾರಿಸುವ ಕಾರ್ಖಾನೆಯಾಗಿತ್ತು. ಎಳೆ ಕಡಿದ ಕೂಡಲೇ ತಾನಾಗಿಯೇ ನಿಂತುಬಿಡುವ ಮಗ್ಗವನ್ನು ಜಗತ್ತಿಗೆ ಮಾರಿದ್ದು ಇದೇ ಮನೆ. ಟೊಯೊಟಾ ಇಂದಿಗೂ ತನ್ನ ಗುಣಮಟ್ಟದ ಬೇರು ಅಲ್ಲಿದೆ ಎಂದೇ ಹೇಳಿಕೊಳ್ಳುತ್ತದೆ. ಬೇರಿಗೇ ಹುಳ ಬಿದ್ದಿತ್ತು ಎಂದಾದರೆ, 90 ವರ್ಷಗಳಲ್ಲಿ ಕಟ್ಟಿದ ಹೆಸರನ್ನು ಈಗ ಹೇಗೆ ಓದಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಮಗ್ಗದಿಂದಲೇ ಶುರು ಮಾಡಬೇಕಾಗುತ್ತದೆ.

ಸಾಕಿಚಿ ಟೊಯೊಡಾ 1867ರಲ್ಲಿ, ಈಗಿನ ಶಿಜುವೊಕಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಹುಟ್ಟಿದವನು. ಮನೆ ಮನೆಯಲ್ಲಿ ಹೆಂಗಸರು ಕೈಮಗ್ಗದ ಮುಂದೆ ದಿನವಿಡೀ ಬೆನ್ನು ಬಗ್ಗಿಸಿ ಕೂರುವುದನ್ನು ನೋಡುತ್ತ ಬೆಳೆದ. ಮೊದಲು ಮರದ ಕೈಮಗ್ಗವನ್ನು ಸುಧಾರಿಸಿದ, ಆಮೇಲೆ ಯಂತ್ರಮಗ್ಗಕ್ಕೆ ಕೈ ಹಾಕಿದ, 1924ರ ಹೊತ್ತಿಗೆ 'ಜಿ' ಮಾದರಿಯ ಸ್ವಯಂಚಾಲಿತ ಮಗ್ಗಕ್ಕೆ ಬಂದು ಮುಟ್ಟಿದ. ಓಡುವ ವೇಗ ಇಳಿಸದೆಯೇ ಲಾಳಿ ಬದಲಾಗುತ್ತಿತ್ತು. ಹಾಸಿನ ಒಂದೇ ಒಂದು ಎಳೆ ಕಡಿದರೂ ಮಗ್ಗ ನಿಲ್ಲುತ್ತಿತ್ತು. ದೊಡ್ಡಬಳ್ಳಾಪುರದಲ್ಲೋ ರಬಕವಿಯಲ್ಲೋ ಮಗ್ಗದ ಮನೆಯಲ್ಲಿ ಬೆಳೆದವರಿಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಎಳೆ ಕಡಿದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಮೊಳ ಉದ್ದದ ಬಟ್ಟೆ ಹಾಳಾಗಿರುತ್ತದೆ. ಹಾಳಾಗಬಾರದೆಂದರೆ ಒಂದೊಂದು ಮಗ್ಗಕ್ಕೂ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಒಬ್ಬ ಆಳು ಬೇಕು. ಯಂತ್ರವೇ ತನ್ನ ತಪ್ಪನ್ನು ಕಂಡು ನಿಂತುಬಿಟ್ಟರೆ ಒಬ್ಬರೇ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳಬಹುದು.

ಈ ತತ್ತ್ವಕ್ಕೆ ಟೊಯೊಟಾದವರು ಇಟ್ಟುಕೊಂಡ ಹೆಸರು ಜಿಡೊಕಾ. ಜಪಾನಿ ಲಿಪಿಯಲ್ಲಿ 'ಸ್ವಯಂಚಾಲನೆ' ಎಂದು ಬರೆಯುವಾಗ 'ಚಲನೆ'ಗೆ ಒಂದು ಅಕ್ಷರವಿದೆ. ಅದರ ಪಕ್ಕಕ್ಕೆ ಇವರು 'ಮನುಷ್ಯ' ಎಂಬ ಚಿಹ್ನೆಯನ್ನು ಸೇರಿಸಿಕೊಂಡರು. ನಾವು ಒಂದು ಒತ್ತಕ್ಷರ ಕೊಟ್ಟು ಪದದ ಅರ್ಥ ತಿರುಗಿಸಿದ ಹಾಗೆ. ಉಚ್ಚಾರಣೆ ಬದಲಾಗಲಿಲ್ಲ, ಓಡುವ ಯಂತ್ರಕ್ಕೆ ವಿವೇಕ ಬಂತು.

1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನ ಪ್ಲಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಪೇಟೆಂಟ್ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಿತು. ಜವಳಿ ಯಂತ್ರಗಳನ್ನು ಜಗತ್ತಿಗೆಲ್ಲ ಮಾರುತ್ತಿದ್ದ ಊರು ಜಪಾನಿನಿಂದ ಮಗ್ಗದ ವಿದ್ಯೆಯನ್ನು ಕೊಂಡದ್ದು ಸಣ್ಣ ಸಂಗತಿಯಲ್ಲ. ಆ ಹಣವನ್ನು ತಂದೆ ಮಗನ ಕಾರಿನ ಹುಚ್ಚಿಗೆ ಕೊಟ್ಟ ಎಂಬುದು ಕಂಪನಿಯಲ್ಲಿ ಪುರಾಣದಂತೆ ಹೇಳಿಕೊಂಡು ಬಂದ ಮಾತು. ಮಗ ಕಿಯಿಚಿರೊ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ತೆರೆದ. 1935ರಲ್ಲಿ ಬಂದ ಮೊದಲ ಲಾರಿ 'ಜಿ1' ದಾರಿಯುದ್ದಕ್ಕೂ ಕೆಟ್ಟು ನಿಲ್ಲುತ್ತಿತ್ತು. 'ಟೊಯೊಟಾ ಎಂದರೆ ಕೆಡುವುದಿಲ್ಲ' ಎಂದು ಇವತ್ತು ಪ್ರಮಾಣ ಮಾಡುವವರಿಗೆ ಇದು ನಂಬಲು ಕಷ್ಟ. ಆದರೆ ಹೆಸರು ಹುಟ್ಟಿನಿಂದ ಬಂದದ್ದಲ್ಲ. ಬೈಗುಳ ತಿಂದು, ರಿಪೇರಿ ಮಾಡಿ ಮಾಡಿ ಬಂದದ್ದು.

ಹೆಸರು ಎಂದರೆ ಅಕ್ಷರಶಃ ಹೆಸರೂ ಹೌದು. ಟೊಯೊಡಾ ಎಂದರೆ ಸಮೃದ್ಧವಾದ ಗದ್ದೆ ಎಂದು ಅರ್ಥ, ಅದು ಮನೆತನದ ಹೆಸರು. 1936ರಲ್ಲಿ ಕಂಪನಿ ಚಿಹ್ನೆಗಾಗಿ ಸಾರ್ವಜನಿಕ ಸ್ಪರ್ಧೆ ನಡೆಸಿತು. 'ಡ' ಹೋಗಿ 'ಟ' ಬಂತು. ಕತಕನ ಲಿಪಿಯಲ್ಲಿ ಬರೆದರೆ ಎಂಟೇ ಗೆರೆ, ಎಂಟು ಜಪಾನಿನಲ್ಲಿ ಶುಭ ಸಂಖ್ಯೆ. ಸಂಖ್ಯಾಶಾಸ್ತ್ರ ನೋಡಿ ಹೆಸರಿನ ಕಾಗುಣಿತ ತಿದ್ದಿಕೊಳ್ಳುವ ನಮ್ಮ ಸಿನಿಮಾದವರು ಇದನ್ನು ಕೇಳಿದರೆ ಖುಷಿಪಟ್ಟಾರು. 1937ರ ಆಗಸ್ಟಿನಲ್ಲಿ ಟೊಯೊಟಾ ಮೋಟರ್ ಪ್ರತ್ಯೇಕ ಕಂಪನಿಯಾಯಿತು. ಮುಂದೆ 1959ರಲ್ಲಿ, ಕಾರ್ಖಾನೆಯಿದ್ದ ಕೊರೊಮೊ ಪಟ್ಟಣವೇ ತನ್ನ ಹೆಸರನ್ನು ಟೊಯೊಟಾ ಎಂದು ಬದಲಿಸಿಕೊಂಡಿತು.

ಈ ಕಂಪನಿಯ ಸ್ವಭಾವವನ್ನು ರೂಪಿಸಿದ ವರ್ಷ ಯಾವುದೆಂದು ಕೇಳಿದರೆ ನಾನು 1950 ಎನ್ನುತ್ತೇನೆ. ಯುದ್ಧಾನಂತರದ ಜಪಾನಿನಲ್ಲಿ ಹಣದುಬ್ಬರ ತಗ್ಗಿಸಲು ಅಮೆರಿಕದವರು ಹೇರಿದ ಬಿಗಿ ಆರ್ಥಿಕ ನೀತಿಯಿಂದ ಸಾಲ ಹುಟ್ಟುವುದೇ ನಿಂತಿತ್ತು. ಟೊಯೊಟಾ ದಿವಾಳಿಯ ಅಂಚಿಗೆ ಬಂತು. ಬ್ಯಾಂಕುಗಳ ಕೂಟ ಸಾಲ ಕೊಟ್ಟಿತು, ಜೊತೆಗೆ ಷರತ್ತನ್ನೂ ಹಾಕಿತು: ಮಾರಾಟದ ಕಂಪನಿಯನ್ನು ಬೇರೆ ಮಾಡಬೇಕು, ಆಳುಗಳನ್ನು ಕಡಿಮೆ ಮಾಡಬೇಕು. ಯಾರನ್ನೂ ತೆಗೆಯುವುದಿಲ್ಲ ಎಂದು ಮಾತು ಕೊಟ್ಟಿದ್ದ ಕಿಯಿಚಿರೊ ಮಾತಿಗೆ ತಪ್ಪಬೇಕಾಯಿತು. ದೀರ್ಘ ಮುಷ್ಕರ ನಡೆಯಿತು, ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟರು, ಅವರ ಜೊತೆ ಅವನೂ ರಾಜೀನಾಮೆ ಕೊಟ್ಟು ಹೊರನಡೆದ. ಅದೇ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆಯಿಂದ ಲಾರಿಗಳಿಗೆ ಬೇಡಿಕೆ ಬಂತು, ಕಂಪನಿ ಉಳಿಯಿತು. ಕಿಯಿಚಿರೊ ಮಾತ್ರ ಮತ್ತೆ ಆ ಕುರ್ಚಿಗೆ ಬರಲಿಲ್ಲ, 1952ರಲ್ಲಿ ತೀರಿಕೊಂಡ.

ಆಗ ಬಿದ್ದ ಪೆಟ್ಟಿನಿಂದ ಎರಡು ಅಭ್ಯಾಸಗಳು ಕಂಪನಿಯ ಮೈಗೆ ಅಂಟಿಕೊಂಡವು. ಒಂದು, ಸಾಲದ ಭಯ. ಕೈಯಲ್ಲಿ ರಾಶಿ ನಗದು ಇಟ್ಟುಕೊಳ್ಳುವುದನ್ನು ಕಂಡು ಜನ ಅದನ್ನು 'ಟೊಯೊಟಾ ಬ್ಯಾಂಕ್' ಎಂದು ಗೇಲಿ ಮಾಡುವಷ್ಟು. ಇನ್ನೊಂದು, ಮಾರಾಟವಾಗದ ಸರಕನ್ನು ಮಾಡಿ ಗುಡ್ಡೆ ಹಾಕುವುದರ ಮೇಲಿನ ದ್ವೇಷ. ಮುಂದೆ ತೈಚಿ ಓನೊ ಎಂಬ ಎಂಜಿನಿಯರ್ ಕಟ್ಟಿದ ಉತ್ಪಾದನಾ ಪದ್ಧತಿಯನ್ನು ಪಾಠ ಮಾಡುವವರು ಯಾವ ಬಿಡಿಭಾಗ ಎಷ್ಟು ಬೇಕೆಂದು ಹಿಂದಿನ ಹಂತಕ್ಕೆ ತಿಳಿಸುವ ಕಾನ್‌ಬಾನ್ ಚೀಟಿ, ಬೇಕಾದಾಗ ಬೇಕಾದಷ್ಟು ಎಂದು ಹಲವು ಮಾತು ಹೇಳುತ್ತಾರೆ. ಇವಕ್ಕೆಲ್ಲ ಜೀವ ಕೊಡುವುದು ಮಗ್ಗದಿಂದ ಬಂದ ಆ ಹಳೆಯ ವಿಚಾರವೇ. ಜೋಡಣಾ ಸಾಲಿನ ತಲೆಯ ಮೇಲೆ ಹಗ್ಗವೊಂದು ಹಾದುಹೋಗುತ್ತದೆ. ಬೋಲ್ಟ್ ಸರಿಯಾಗಿ ಕೂರದಿದ್ದರೆ, ಬಾಗಿಲು ಹೊಂದದಿದ್ದರೆ, ಅಲ್ಲಿ ನಿಂತ ಯಾವ ಕೆಲಸಗಾರನಾದರೂ ಹಗ್ಗ ಎಳೆಯಬಹುದು. ಆಂಡಾನ್ ಎಂಬ ದೀಪದ ಫಲಕ ಬೆಳಗುತ್ತದೆ, ತಂಡದ ನಾಯಕ ಓಡಿ ಬರುತ್ತಾನೆ. ನಿಗದಿತ ಹೊತ್ತಿನೊಳಗೆ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಅಮೆರಿಕದ ಕಾರ್ಖಾನೆಗಳಲ್ಲಿ ಆಗ ಸಾಲು ನಿಲ್ಲಿಸಿದವನ ಕೆಲಸ ಹೋಗುತ್ತಿತ್ತು. ಇಲ್ಲಿ ಹಗ್ಗ ಎಳೆಯದೆ ತಪ್ಪನ್ನು ಮುಂದಕ್ಕೆ ದಾಟಿಸಿದವನು ತಪ್ಪಿತಸ್ಥ.

ನನ್ನ ಮಟ್ಟಿಗೆ ಟೊಯೊಟಾದ ಹೆಸರು ಈ ಹಗ್ಗದ್ದು. ಆ ಹೆಸರು ಕೆಟ್ಟ ಸಂದರ್ಭಗಳಲ್ಲೆಲ್ಲ ಎಲ್ಲೋ ಒಂದು ಕಡೆ ಹಗ್ಗ ಎಳೆಯಲು ಯಾರಿಗೂ ಧೈರ್ಯವಾಗಿರಲಿಲ್ಲ.

ಹೊರದೇಶದಲ್ಲಿ ಮೊದಲು ಸಿಕ್ಕಿದ್ದು ಅವಮಾನವೇ. 1957ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಂಗಡಿ ತೆರೆದು ಟೊಯೊಪೆಟ್ ಕ್ರೌನ್ ಕಾರನ್ನು ಮಾರಲು ಹೊರಟರು. ಜಪಾನಿನ ಮಣ್ಣು ರಸ್ತೆಗಳಿಗೆ ತಕ್ಕ ಹಾಗೆ ಗಟ್ಟಿಯಾಗಿದ್ದ ಕಾರು ಅಮೆರಿಕದ ಹೆದ್ದಾರಿಯ ವೇಗಕ್ಕೆ ನಡುಗುತ್ತಿತ್ತು, ಏರು ಬಂದರೆ ಏದುಸಿರು ಬಿಡುತ್ತಿತ್ತು. ಇಡೀ 1958ರಲ್ಲಿ ಮಾರಾಟವಾದದ್ದು 287 ಕ್ರೌನ್, ಒಂದು ಲ್ಯಾಂಡ್ ಕ್ರೂಸರ್. 1960ರ ಕೊನೆಗೆ ಕಾರುಗಳ ರಫ್ತನ್ನು ನಿಲ್ಲಿಸಿಯೇಬಿಟ್ಟರು. ಬಿಟ್ಟು ಓಡಲಿಲ್ಲ, ಮನೆಗೆ ಹೋಗಿ ಬೇರೆ ಕಾರು ಮಾಡಿಕೊಂಡು 1965ರಲ್ಲಿ ಕೊರೊನಾದೊಂದಿಗೆ ಮರಳಿದರು. ಮರುವರ್ಷ ಜಪಾನಿನಲ್ಲಿ ಕೊರೊಲ್ಲಾ ಬಂತು. 1973ರ ತೈಲ ಬಿಕ್ಕಟ್ಟು ಬಂದಾಗ ಕಡಿಮೆ ಪೆಟ್ರೋಲ್ ಕುಡಿಯುವ ಕಾರು ಇವರ ಕೈಯಲ್ಲಿ ಸಿದ್ಧವಾಗಿತ್ತು. ಅಲ್ಲಿಂದ ಮುಂದಿನ ಏರಿಕೆಯ ಕಥೆ ಎಲ್ಲರೂ ಬಲ್ಲದ್ದೇ.

ಅದರಲ್ಲಿ ಒಂದು ಘಟನೆಯನ್ನು ಮಾತ್ರ ಬಿಡುವಂತಿಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ನಡೆಸುತ್ತಿದ್ದ ಕಾರ್ಖಾನೆ ಗೈರುಹಾಜರಿಗೆ, ಕುಡಿತಕ್ಕೆ, ಜಗಳಕ್ಕೆ ಕುಖ್ಯಾತವಾಗಿ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಟೊಯೊಟಾ ಜನರಲ್ ಮೋಟರ್ಸ್ ಜೊತೆಗೂಡಿ ಅದೇ ಕಟ್ಟಡವನ್ನು ತೆರೆಯಿತು. ಕೆಲಸಕ್ಕೆ ತೆಗೆದುಕೊಂಡದ್ದು ಬಹುಪಾಲು ಅವೇ ಹಳೆಯ ಆಳುಗಳನ್ನು, ಮಾತಾಡಿದ್ದು ಅದೇ ಕಾರ್ಮಿಕ ಸಂಘದೊಂದಿಗೆ. ನೂರಾರು ಮಂದಿಯನ್ನು ಜಪಾನಿಗೆ ಕರೆದೊಯ್ದು, ಸಾಲು ನಿಲ್ಲಿಸುವ ಅಧಿಕಾರ ಕೈಯಲ್ಲಿದ್ದರೆ ಕೆಲಸ ಹೇಗಿರುತ್ತದೆ ಎಂದು ತೋರಿಸಿದರು. ಸ್ವಲ್ಪ ಕಾಲದಲ್ಲೇ ಆ ಕಾರ್ಖಾನೆಯ ಕಾರುಗಳು ಗುಣಮಟ್ಟದಲ್ಲಿ ಜಪಾನಿನ ಕಾರುಗಳಿಗೆ ಸಮನಾದವು. ಗುಣಮಟ್ಟ ಜಪಾನೀಯರ ರಕ್ತದಲ್ಲಿದೆ ಎಂಬ ಸೋಮಾರಿ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು. 2010ರಲ್ಲಿ ಆ ಕಾರ್ಖಾನೆ ಮುಚ್ಚಿತು. ಈಗ ಅದೇ ಜಾಗದಲ್ಲಿ ಟೆಸ್ಲಾ ಕಾರು ತಯಾರಾಗುತ್ತದೆ.

ತಪ್ಪಾದಾಗ ಒಪ್ಪಿಕೊಳ್ಳುವುದೇ ಹೆಸರು ಕಟ್ಟುವ ದಾರಿಯಾಗಬಲ್ಲದು ಎಂದೂ ಇವರು ಒಮ್ಮೆ ತೋರಿಸಿಕೊಟ್ಟಿದ್ದರು. 1989ರಲ್ಲಿ ಲೆಕ್ಸಸ್ ಎಂಬ ಐಷಾರಾಮಿ ಕಾರು ಅಮೆರಿಕದಲ್ಲಿ ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಸಣ್ಣ ದೋಷ ಕಂಡಿತು. ಮಾರಾಟವಾಗಿದ್ದ ಸುಮಾರು 8,000 ಕಾರುಗಳನ್ನೂ ವಾಪಸು ತರಿಸಿಕೊಂಡರು. ಮಾಲೀಕರ ಮನೆಯಿಂದಲೇ ಕಾರು ಒಯ್ದು, ಸರಿಪಡಿಸಿ, ತೊಳೆದು, ಪೆಟ್ರೋಲ್ ತುಂಬಿಸಿ ತಂದುಬಿಟ್ಟರು. ಹೊಸ ಬ್ರ್ಯಾಂಡಿಗೆ ಮುಳುವಾಗಬೇಕಿದ್ದದ್ದು ಮೆರುಗಾಯಿತು.

ಇದನ್ನೇ 2009ರಲ್ಲಿ ಮರೆತರು. 2000ದ ದಶಕದ ಆರಂಭದಲ್ಲಿ ಜಗತ್ತಿನ ಮಾರುಕಟ್ಟೆಯ ಶೇ 15ರಷ್ಟು ತಮ್ಮದಾಗಬೇಕೆಂದು ಗುರಿ ಹಾಕಿಕೊಂಡು ಒಂದರ ಹಿಂದೊಂದು ಕಾರ್ಖಾನೆ ತೆರೆಯುತ್ತ ಹೋಗಿದ್ದರು. 2008ರಲ್ಲಿ ಮಾರಾಟದಲ್ಲಿ ಜನರಲ್ ಮೋಟರ್ಸನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದರು. 2009ರ ಆಗಸ್ಟಿನಲ್ಲಿ ಸ್ಯಾನ್ ಡಿಯೇಗೊ ಬಳಿ ಲೆಕ್ಸಸ್ ಕಾರೊಂದು ನಿಲ್ಲದೆ ಓಡಿ ಅಪಘಾತಕ್ಕೀಡಾಗಿ ಒಳಗಿದ್ದ ನಾಲ್ವರೂ ಸತ್ತರು. ಆ ಕಾರಿಗೆ ಸೇರದ ಮ್ಯಾಟ್ ಒಂದು ಆಕ್ಸಿಲರೇಟರ್ ಪೆಡಲನ್ನು ಕಚ್ಚಿ ಹಿಡಿದಿತ್ತು. ಒಳಗಿದ್ದವರು ಸಹಾಯಕ್ಕಾಗಿ ಮಾಡಿದ ಫೋನ್ ಕರೆಯನ್ನು ಇಡೀ ದೇಶ ಕೇಳಿತು. ಆಮೇಲೆ ಒತ್ತಿದ ಪೆಡಲ್ ಮೇಲೇಳದಿರುವ ಇನ್ನೊಂದು ದೋಷವೂ ಹೊರಬಂತು. ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆದರು, 2010ರ ಜನವರಿಯಲ್ಲಿ ಎಂಟು ಮಾದರಿಗಳ ಮಾರಾಟವನ್ನೇ ನಿಲ್ಲಿಸಿದರು. ಎಲೆಕ್ಟ್ರಾನಿಕ್ ದೋಷವೂ ಇದೆಯೇ ಎಂದು ನಾಸಾದ ಎಂಜಿನಿಯರುಗಳು ಹತ್ತು ತಿಂಗಳು ಹುಡುಕಿ, ಹಾಗೆ ಹೇಳಲು ಆಧಾರ ಸಿಗಲಿಲ್ಲ ಎಂದು 2011ರಲ್ಲಿ ವರದಿ ಕೊಟ್ಟರು. ಆದರೂ ಕಂಪನಿ ಪಾರಾಗಲಿಲ್ಲ. ತಿಳಿದದ್ದನ್ನು ಗ್ರಾಹಕರಿಗೂ ಸರ್ಕಾರಕ್ಕೂ ಸರಿಯಾಗಿ ಹೇಳಲಿಲ್ಲ ಎಂಬ ಆರೋಪಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ತೆತ್ತಿತು. ದಂಡ ಬಿದ್ದದ್ದು ಪೆಡಲಿಗಿಂತ ಹೆಚ್ಚಾಗಿ ಬಾಯಿ ಮುಚ್ಚಿಕೊಂಡದ್ದಕ್ಕೆ.

ಸ್ಥಾಪಕ ಕಿಯಿಚಿರೊನ ಮೊಮ್ಮಗ ಅಕಿಯೊ ಟೊಯೊಡಾ ಅಧ್ಯಕ್ಷನಾಗಿ ವರ್ಷ ತುಂಬುವ ಮೊದಲೇ, 2010ರ ಫೆಬ್ರುವರಿಯಲ್ಲಿ, ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂರಬೇಕಾಯಿತು. ಮೊದಲು ಸುರಕ್ಷತೆ, ಆಮೇಲೆ ಗುಣಮಟ್ಟ, ಕೊನೆಗೆ ಸಂಖ್ಯೆ ಎಂಬ ನಮ್ಮ ಕ್ರಮ ಗೊಂದಲಕ್ಕೆ ಬಿತ್ತು, ಬೆಳೆದ ವೇಗ ನಮ್ಮ ಶಕ್ತಿಯನ್ನು ಮೀರಿತ್ತು ಎಂಬರ್ಥದಲ್ಲಿ ಒಪ್ಪಿಕೊಂಡ. ಇಷ್ಟು ಸ್ಪಷ್ಟವಾಗಿ ರೋಗವನ್ನು ಹೆಸರಿಸಿದವನ ಕಾಲದಲ್ಲಿಯೇ ಅದೇ ರೋಗ ತನ್ನ ಬಳಗದ ಕಂಪನಿಗಳಲ್ಲಿ ಹರಡುತ್ತಿತ್ತು ಎಂಬುದು ಈ ಕಥೆಯ ಕಹಿ ಭಾಗ.

2022ರ ಮಾರ್ಚಿನಲ್ಲಿ ಲಾರಿ, ಬಸ್ಸು ತಯಾರಿಸುವ ಹಿನೊ, ಎಂಜಿನ್ನಿನ ಹೊಗೆಯ ಲೆಕ್ಕವನ್ನು ತಿದ್ದಿದ್ದಾಗಿ ಒಪ್ಪಿಕೊಂಡಿತು. 2023ರಲ್ಲಿ ಸಣ್ಣ ಕಾರುಗಳ ಡೈಹಟ್ಸು ಸಿಕ್ಕಿಬಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ಡಿಸೆಂಬರಿನಲ್ಲಿ ಸ್ವತಂತ್ರ ಸಮಿತಿ ಕೊಟ್ಟ ವರದಿಯಲ್ಲಿ ಹೊಸದಾಗಿ 174 ಅಕ್ರಮಗಳಿದ್ದವು, 64 ಮಾದರಿಗಳು ಸೇರಿದ್ದವು, ಅವುಗಳಲ್ಲಿ 22 ಟೊಯೊಟಾ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ಅತಿ ಹಳೆಯ ಅಕ್ರಮ 1989ರದು. ಅಪಘಾತ ಪರೀಕ್ಷೆಯಲ್ಲಿ ಡಿಕ್ಕಿಯ ಪೆಟ್ಟನ್ನು ಗ್ರಹಿಸಿ ತೆರೆದುಕೊಳ್ಳಬೇಕಾದ ಏರ್‌ಬ್ಯಾಗನ್ನು ಟೈಮರ್ ಇಟ್ಟು ತೆರೆಸಿದ್ದರು. ಒಂದು ಬದಿಯ ಸೀಟಿನ ಪರೀಕ್ಷೆಯ ಅಂಕಿಗಳನ್ನು ಇನ್ನೊಂದು ಬದಿಯದೆಂದು ಬರೆದಿದ್ದರು. ಕಂಪನಿ ತನ್ನ ಎಲ್ಲ ಕಾರುಗಳ ರವಾನೆಯನ್ನು ನಿಲ್ಲಿಸಿತು. ಜಪಾನ್ ಸರ್ಕಾರ ಮೂರು ಮಾದರಿಗಳ ಪ್ರಮಾಣೀಕರಣವನ್ನೇ ರದ್ದು ಮಾಡಿತು.

ಏಕೆ ಹೀಗೆ ಮಾಡಿದರು? ದುಡ್ಡು ಉಳಿಸಲು ಕಳಪೆ ಲೋಹ ಹಾಕಿದ ಕಥೆ ಇದಲ್ಲ. ಸಮಿತಿ ಬೊಟ್ಟು ಮಾಡಿದ್ದು ಕಾಲದ ಕಡೆಗೆ. 2011ರಲ್ಲಿ ಡೈಹಟ್ಸು ತೀರ ಕಡಿಮೆ ಅವಧಿಯಲ್ಲಿ ಅಗ್ಗದ ಕಾರೊಂದನ್ನು ರೂಪಿಸಿ ಗೆದ್ದಿತ್ತು. ಆ ಗೆಲುವೇ ಅಳತೆಗೋಲಾಯಿತು. ಮುಂದಿನ ಪ್ರತಿ ಕಾರಿಗೂ ಅಷ್ಟೇ ಅವಧಿ, ಇನ್ನೂ ಕಡಿಮೆ ಅವಧಿ. ವಿನ್ಯಾಸ ತಡವಾದರೂ ಬಿಡುಗಡೆಯ ದಿನ ಅಲುಗದು. ನಡುವೆ ಹಿಂಡಿಹೋಗುವುದು ಕೊನೆಯಲ್ಲಿ ಕೂತ ಪರೀಕ್ಷಾ ವಿಭಾಗ. ಪರೀಕ್ಷೆಯಲ್ಲಿ ಕಾರು ನಪಾಸಾಗುವುದಕ್ಕೆ ಅವಕಾಶವೇ ಇರಲಿಲ್ಲ. ಕಷ್ಟ ಹೇಳಿಕೊಂಡರೆ ಮೇಲಿನವರು, 'ಸರಿ, ಈಗ ಏನು ಮಾಡುತ್ತೀರಿ?' ಎಂದು ಪ್ರಶ್ನೆಯನ್ನು ಹೇಳಿದವರ ಮೇಲೆಯೇ ಎಸೆಯುವ ವಾತಾವರಣವಿತ್ತು. ಅಂದರೆ ಜೋಡಣಾ ಸಾಲಿನಲ್ಲಿ ತೂಗುತ್ತಿದ್ದ ಹಗ್ಗ ಮಹಡಿ ಮೇಲಿನ ಕಚೇರಿಗೆ ಹತ್ತಲೇ ಇಲ್ಲ. ಬೋಲ್ಟು ಸಡಿಲವಾದರೆ ಸಾಲು ನಿಲ್ಲಿಸುವ ಅಧಿಕಾರ ಕೈಯಲ್ಲಿ ಸ್ಪ್ಯಾನರ್ ಹಿಡಿದವನಿಗಿತ್ತು. ವೇಳಾಪಟ್ಟಿ ಸುಳ್ಳಾದರೆ ಅದನ್ನು ನಿಲ್ಲಿಸುವ ಅಧಿಕಾರ ಎಂಜಿನಿಯರನಿಗಿರಲಿಲ್ಲ.

ಆಮೇಲೆ ಬಂದದ್ದು ಮಗ್ಗದ ಮನೆಯ ಡೀಸೆಲ್ ಎಂಜಿನ್ ಪ್ರಕರಣ, ಬಿಡದಿಯ ಬಾಗಿಲು ತಟ್ಟಿದ್ದು. 2024ರ ಜೂನ್ 3ರಂದು ಸ್ವತಃ ಟೊಯೊಟಾ ಮೋಟರ್ ಏಳು ಮಾದರಿಗಳ ಪರೀಕ್ಷೆಯಲ್ಲಿ ನಿಯಮ ಮೀರಿದ್ದಾಗಿ ಒಪ್ಪಿಕೊಂಡಿತು. ಮರುದಿನವೇ ಸಾರಿಗೆ ಸಚಿವಾಲಯದ ಅಧಿಕಾರಿಗಳು ಟೊಯೊಟಾ ನಗರದ ಮುಖ್ಯ ಕಚೇರಿಗೆ ನುಗ್ಗಿದರು. ಹೋಂಡಾ, ಮಾಜ್ದಾ, ಸುಜುಕಿ, ಯಮಾಹಾ ಕಂಪನಿಗಳೂ ಅದೇ ದಿನಗಳಲ್ಲಿ ತಮ್ಮ ತಮ್ಮ ತಪ್ಪೊಪ್ಪಿಗೆಯೊಂದಿಗೆ ಬಂದವು. ಜುಲೈ ಕೊನೆಗೆ ಇನ್ನೂ ಏಳು ಮಾದರಿಗಳ ಲೋಪ ಕಂಡ ಸಚಿವಾಲಯ ಟೊಯೊಟಾಗೆ ತಿದ್ದುಪಡಿ ಆದೇಶ ಹೊರಡಿಸಿತು.

ಟೊಯೊಟಾ ಪರವಾಗಿ ಹೇಳುವ ಒಂದು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಿಂದಿನಿಂದ ಡಿಕ್ಕಿ ಹೊಡೆಸುವ ಪರೀಕ್ಷೆಗೆ ನಿಯಮ ಹೇಳಿದ್ದು 1,100 ಕಿಲೋ ತೂಕದ ಗಾಡಿ. ಇವರು 1,800 ಕಿಲೋದ್ದರಿಂದ ಹೊಡೆಸಿ ಆ ಅಂಕಿಯನ್ನು ಕೊಟ್ಟಿದ್ದರು. ಕಠಿಣ ಪರೀಕ್ಷೆ ಪಾಸಾದ ಮೇಲೆ ಸುಲಭದ್ದನ್ನು ಮತ್ತೆ ಏಕೆ ಬರೆಯಬೇಕು ಎಂಬುದು ಎಂಜಿನಿಯರನ ತರ್ಕ. ಜಪಾನಿನ ನಿಯಮಗಳೇ ಹಳತಾಗಿವೆ ಎಂದು ಅಲ್ಲಿ ಬರೆದವರೂ ಇದ್ದರು. ಆದರೆ ಪಟ್ಟಿಯಲ್ಲಿ ಇದೊಂದೇ ಇರಲಿಲ್ಲ. ಲೆಕ್ಸಸ್ ಮಾದರಿಯೊಂದರ ಎಂಜಿನ್ ಅಪೇಕ್ಷಿತ ಶಕ್ತಿ ತೋರಿಸದಿದ್ದಾಗ, ಕಾರಣ ಹುಡುಕದೆ ಕಂಪ್ಯೂಟರ್ ನಿಯಂತ್ರಣವನ್ನು ತಿದ್ದಿ ಅಂಕಿ ಬರಿಸಿದ್ದರು. ಇದಕ್ಕೆ ಕಠಿಣ ಪರೀಕ್ಷೆಯ ಸಮಜಾಯಿಷಿ ಒಗ್ಗುವುದಿಲ್ಲ. ಎಳೆ ಕಡಿದದ್ದು ಕಂಡಿತ್ತು, ಮಗ್ಗ ಓಡುತ್ತಲೇ ಇತ್ತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತೇವೆ. ಟೊಯೊಟಾ ಮಟ್ಟಿಗೆ ಗಾದೆ ಸುಳ್ಳಾಯಿತೇನೋ ಅನ್ನಿಸುವಂತಿದೆ ಮಾರಾಟದ ಲೆಕ್ಕ. ಡೈಹಟ್ಸು ಹಗರಣದ ವರ್ಷವಾದ 2023ರಲ್ಲಿ ಇಡೀ ಬಳಗ 1.12 ಕೋಟಿಗೂ ಹೆಚ್ಚು ವಾಹನಗಳನ್ನು ಮಾರಿ ತನ್ನದೇ ದಾಖಲೆ ಮುರಿಯಿತು. 2024ರಲ್ಲಿ ಸ್ವಲ್ಪ ಇಳಿದರೂ ಜಗತ್ತಿನ ಮೊದಲ ಸ್ಥಾನ ಕೈಬಿಡಲಿಲ್ಲ. ಸಿಟ್ಟು ಕಂಡದ್ದು ಷೇರುದಾರರ ಸಭೆಯಲ್ಲಿ. ಅಕಿಯೊ ಟೊಯೊಡಾನನ್ನು ಮಂಡಳಿಗೆ ಮರುನೇಮಕ ಮಾಡಲು 2022ರಲ್ಲಿ ಶೇ 96ರಷ್ಟು ಮತ ಬಿದ್ದಿದ್ದರೆ 2024ರಲ್ಲಿ ಬಿದ್ದದ್ದು ಸುಮಾರು ಶೇ 72.

ಕಾರು ಕೊಳ್ಳುವವರು ಏಕೆ ಅಲುಗಲಿಲ್ಲ? ಕಾರಿನ ಹೆಸರು ಸಚಿವಾಲಯದ ಕಡತದಲ್ಲಿ ಇರುವುದಿಲ್ಲ; ಗ್ಯಾರೇಜಿನಲ್ಲಿ, ಹಳೆ ಕಾರಿನ ಮಾರುಕಟ್ಟೆಯಲ್ಲಿ, ಟ್ಯಾಕ್ಸಿ ಚಾಲಕರ ಮಾತಿನಲ್ಲಿ ಇರುತ್ತದೆ. 1987ರಲ್ಲಿ ಚಾಡ್ ದೇಶದ ಸೈನಿಕರು ಟೊಯೊಟಾ ಪಿಕಪ್‌ಗಳ ಮೇಲೆ ಕ್ಷಿಪಣಿ ಕಟ್ಟಿಕೊಂಡು ಲಿಬಿಯಾದ ಟ್ಯಾಂಕುಗಳನ್ನು ಮರುಭೂಮಿಯಲ್ಲಿ ಸೋಲಿಸಿದಾಗ ಆ ಯುದ್ಧಕ್ಕೇ 'ಟೊಯೊಟಾ ಯುದ್ಧ' ಎಂದು ಹೆಸರು ಬಿತ್ತು. ಅಂಥ ಜಾಹೀರಾತನ್ನು ಯಾವ ಕಂಪನಿಯೂ ಕೊಡಲಾರದು, ಕೊಡಲು ಬಯಸುವುದೂ ಇಲ್ಲ.

ಕರ್ನಾಟಕದಲ್ಲಿ ಈ ಹೆಸರು ಬೆಳೆದದ್ದೂ ಇದೇ ರೀತಿಯಲ್ಲಿ. ಜಪಾನಿನ ಹಾಗೆ ಇಲ್ಲಿಯೂ ಮೊದಲು ಬಂದದ್ದು ಜವಳಿ ಯಂತ್ರ: 1995ರಲ್ಲಿ ಕಿರ್ಲೋಸ್ಕರ್ ಜೊತೆಗೂಡಿ ಜಿಗಣಿಯಲ್ಲಿ. ಕಾರಿನ ಕಂಪನಿ 1997ರಲ್ಲಿ ಸ್ಥಾಪನೆಯಾಯಿತು, 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ತಯಾರಾಗತೊಡಗಿತು. ಇಂಡೊನೇಷ್ಯಾದಿಂದ ಬಂದ ಆ ಪೆಟ್ಟಿಗೆಯಾಕಾರದ ಗಾಡಿಯನ್ನು ನೋಡಿ ಮೂಗು ಮುರಿದವರೇ ಹೆಚ್ಚು. ಆದರೆ ರಾತ್ರಿ ಪಾಳಿಯ ಕಾಲ್ ಸೆಂಟರ್ ನೌಕರರನ್ನು ಹೊತ್ತು ಬೆಂಗಳೂರನ್ನು ದಿನಕ್ಕೆ ಮೂರು ಸುತ್ತು ಹಾಕಿದ್ದು ಅದೇ. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಆ ಧೈರ್ಯವನ್ನು ಈಗ ನೆನೆದರೂ ಅಚ್ಚರಿಯಾಗುತ್ತದೆ. ಶಾಸಕರಿಂದ ಹಿಡಿದು ತಿರುಪತಿ ಯಾತ್ರೆಯ ಕುಟುಂಬದವರೆಗೆ ಎಲ್ಲರಿಗೂ ಒಂದೇ ಗಾಡಿ ಒಗ್ಗಿತು. ಎರಡು ಲಕ್ಷ ಕಿಲೋಮೀಟರ್ ಓಡಿದ ಇನ್ನೋವಾಗೆ ಮಾಲೀಕರು ಹೇಳುವ ಬೆಲೆ ಕೇಳಿದರೆ ಹೊಸ ಕಾರನ್ನೇ ಕೊಳ್ಳೋಣ ಅನ್ನಿಸುತ್ತದೆ.

ಹೆಸರಿಗೆ ಪ್ರತ್ಯೇಕ ಬೆಲೆಯಿದೆ ಎಂಬುದಕ್ಕೆ ನಮ್ಮ ರಸ್ತೆಯಲ್ಲೇ ಪ್ರಯೋಗ ನಡೆಯುತ್ತಿದೆ. ಸುಜುಕಿ ಜೊತೆಗಿನ ಒಪ್ಪಂದದಿಂದ 2019ರಲ್ಲಿ ಬಂದ ಗ್ಲಾಂಝಾ ಎಂದರೆ ಮಾರುತಿ ಬಲೆನೊ. ಬೇರೆಯಾಗಿರುವುದು ಮುಖದ ಒಂದಿಷ್ಟು ಅಲಂಕಾರ, ಚಿಹ್ನೆ, ವಾರಂಟಿ, ಮತ್ತು ಶೋರೂಮಿನಲ್ಲಿ ಕೊಡುವ ಕಾಫಿ. ಇನ್ನೊಂದು ದಿಕ್ಕಿನಲ್ಲಿ ಬಿಡದಿಯ ಹೈಕ್ರಾಸ್ ಮಾರುತಿ ಇನ್ವಿಕ್ಟೊ ಆಗಿ ಹೋಗುತ್ತದೆ. ಕಾರು ಒಂದೇ ಆದಾಗಲೂ ಚಿಹ್ನೆ ನೋಡಿ ಕೊಳ್ಳುವವರು ಇದ್ದಾರೆಂದರೆ, ಆ ಚಿಹ್ನೆಯಲ್ಲಿ ಬೇರೆಯವರ ದುಡಿಮೆ ಎಷ್ಟು ಜಮೆಯಾಗಿದೆ ಎಂದು ಯೋಚಿಸಬೇಕು.

ದುಡಿಮೆಯ ಮಾತು ಬಂದಾಗ ಹೊಗಳಿಕೆಯನ್ನು ಸ್ವಲ್ಪ ತಡೆಯಬೇಕಾಗುತ್ತದೆ. 2002ರಲ್ಲಿ ಟೊಯೊಟಾ ನಗರದ ಕಾರ್ಖಾನೆಯಲ್ಲಿ 30 ವರ್ಷದ ನೌಕರನೊಬ್ಬ ಕೆಲಸದಲ್ಲೇ ಕುಸಿದು ಸತ್ತ. ಪಾಳಿ ಮುಗಿದ ಮೇಲೆ ನಡೆಸುತ್ತಿದ್ದ ಗುಣಮಟ್ಟ ಸುಧಾರಣೆಯ ಸಭೆಗಳನ್ನು ಕಂಪನಿ 'ಸ್ವಯಂಪ್ರೇರಿತ' ಎನ್ನುತ್ತಿತ್ತು. ಅದೂ ಕೆಲಸವೇ, ಸಾವಿಗೆ ಅತಿದುಡಿತವೇ ಕಾರಣ ಎಂದು 2007ರಲ್ಲಿ ನಗೊಯಾ ನ್ಯಾಯಾಲಯ ಹೇಳಿತು. ಬಿಡದಿಯಲ್ಲಿ 2006, 2014 ಮತ್ತು 2020ರಲ್ಲಿ ಬೀಗಮುದ್ರೆ ಬಿದ್ದಿದೆ. 2020ರ ನವೆಂಬರಿನಲ್ಲಿ ಶುರುವಾಗಿ ತಿಂಗಳುಗಟ್ಟಲೆ ನಡೆದ ಜಗಳದಲ್ಲಿ ಕಾರ್ಮಿಕ ಸಂಘ ಎತ್ತಿದ ಮುಖ್ಯ ದೂರು ಕೆಲಸದ ವೇಗದ್ದು: ಒಂದೊಂದು ಕಾರಿಗೆ ಕೊಡುವ ಹೊತ್ತನ್ನು ಕಡಿಮೆ ಮಾಡುತ್ತಿದ್ದಾರೆ, ಉಸಿರಾಡಲು ಪುರುಸೊತ್ತಿಲ್ಲ ಎಂದು. ಅಶಿಸ್ತಿನ ವರ್ತನೆಗೆ ಕ್ರಮ ಕೈಗೊಂಡಿದ್ದೇವೆ ಎಂದು ಆಡಳಿತ ಹೇಳಿತು. ಯಾರು ಸರಿ ಎಂಬ ತೀರ್ಪನ್ನು ನಾನು ಇಲ್ಲಿ ಕೊಡಹೊರಟಿಲ್ಲ. ಆದರೆ ಡೈಹಟ್ಸು ಎಂಜಿನಿಯರರ ಅಳಲನ್ನೂ ಬಿಡದಿ ಕಾರ್ಮಿಕರ ದೂರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಎರಡರಲ್ಲೂ ಕೇಳುವುದು ಗಡಿಯಾರದ ಸದ್ದು.

ಆ ಸದ್ದು ಈಗ ಇನ್ನಷ್ಟು ಜೋರಾಗಿದೆ. ಚೀನಾದ ಕಂಪನಿಗಳು ಹೊಸ ವಿದ್ಯುತ್ ಕಾರನ್ನು ಎರಡು ವರ್ಷದೊಳಗೆ ರೂಪಿಸಿ ಬೀದಿಗೆ ಬಿಡುತ್ತಿವೆ. ಜಪಾನಿನವರು ಇದಕ್ಕೆ ಸುಮಾರು ಎರಡು ಪಟ್ಟು ಕಾಲ ತೆಗೆದುಕೊಳ್ಳುತ್ತಿದ್ದರು. 1997ರಲ್ಲೇ ಪ್ರಿಯಸ್ ತಂದು ಹೈಬ್ರಿಡ್ ದಾರಿ ತೋರಿಸಿದ ಟೊಯೊಟಾ, ವಿದ್ಯುತ್ ಕಾರಿನಲ್ಲಿ ಹಿಂದೆ ಬಿತ್ತು ಎಂದು ಬೈಸಿಕೊಂಡು 2022ರಲ್ಲಿ ಬಿಝಡ್4ಎಕ್ಸ್ ಬಿಟ್ಟಾಗ, ಕೆಲವೇ ವಾರಗಳಲ್ಲಿ ಚಕ್ರದ ಬೋಲ್ಟು ಸಡಿಲವಾಗಿ ಚಕ್ರವೇ ಕಳಚಬಹುದೆಂದು ಸುಮಾರು 2,700 ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಚಕ್ರದ ಬೋಲ್ಟು, ಅದೂ ಟೊಯೊಟಾದಲ್ಲಿ! ಆಮೇಲೆ ಹೈಬ್ರಿಡ್ ಕಾರುಗಳಿಗೆ ಬೇಡಿಕೆ ಏರಿ, ನಿಧಾನಿಸಿದ್ದೇ ಜಾಣತನವಾಯಿತು ಎಂದು ಅದೇ ಜನ ಹೊಗಳಿದ್ದೂ ಉಂಟು. 2025ರ ಮಾರ್ಚಿನಲ್ಲಿ ಚೀನಾದಲ್ಲಿ, ಅಲ್ಲಿಯ ಪಾಲುದಾರ ಜಿಎಸಿ ಜೊತೆ ಅಲ್ಲಿಯ ಎಂಜಿನಿಯರರೇ ರೂಪಿಸಿದ ಬಿಝಡ್3ಎಕ್ಸ್ ಅಗ್ಗದ ಬೆಲೆಗೆ ಬಂದಾಗ ಮೊದಲ ಒಂದು ಗಂಟೆಯಲ್ಲೇ ಹತ್ತು ಸಾವಿರ ಮುಂಗಡ ಬಿದ್ದವು.

ಡೈಹಟ್ಸು ತನ್ನ ಕಡೆಯಿಂದ ಸುಧಾರಣೆಯ ಪಟ್ಟಿ ಕೊಟ್ಟಿದೆ. ಅದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದೇ ಸಾಲು: ಹೊಸ ಕಾರು ರೂಪಿಸುವ ಅವಧಿಯನ್ನು ಮೊದಲಿನ 1.4 ಪಟ್ಟಿಗೆ ಹಿಗ್ಗಿಸಲಾಗುವುದು. ಮಗ್ಗದ ಮನೆಯಾದ ಟೊಯೊಟಾ ಇಂಡಸ್ಟ್ರೀಸನ್ನು ಕೊಂಡು ಷೇರುಪೇಟೆಯಿಂದ ಹೊರತರುವ ಯೋಜನೆಯನ್ನು ಬಳಗ 2025ರ ಜೂನ್‌ನಲ್ಲಿ ಪ್ರಕಟಿಸಿತು. ಕೊಡುವ ಬೆಲೆ ಕಡಿಮೆಯಾಯಿತೆಂದು ಹೂಡಿಕೆದಾರರು ತಗಾದೆ ತೆಗೆದರು. ಇತ್ತ ಬಿಡದಿಯಲ್ಲಿ 3,300 ಕೋಟಿ ರೂಪಾಯಿ ವೆಚ್ಚದ ಮೂರನೆಯ ಸ್ಥಾವರಕ್ಕೆ 2023ರ ನವೆಂಬರಿನಲ್ಲಿ ರಾಜ್ಯ ಸರ್ಕಾರದೊಂದಿಗೆ ಒಪ್ಪಂದವಾಗಿದೆ. ವರ್ಷಕ್ಕೆ ಇನ್ನೂ ಒಂದು ಲಕ್ಷ ವಾಹನ, ಎರಡು ಪಾಳಿ, ಸುಮಾರು 2,000 ಉದ್ಯೋಗ ಎಂಬುದು ಅಲ್ಲಿ ಬರೆದ ಲೆಕ್ಕ. ಒಂದು ಕಾರಿಗೆ ಎಷ್ಟು ನಿಮಿಷ ಎಂಬುದನ್ನು ಒಪ್ಪಂದದಲ್ಲಿ ಬರೆಯುವ ರೂಢಿಯಿಲ್ಲ; ಅದು ನಿಗದಿಯಾಗುವುದು ಸಾಲು ಓಡಲು ಶುರುವಾದ ಮೇಲೆ.